ಕಿವಿಮಾತು, ಪಾಠ, ಗೋಡೆಬರಹ: ಹದಿಹರೆಯದವರ ಆರೋಗ್ಯಶಿಕ್ಷಣದ ಕನ್ನಡವನ್ನು ಕುರಿತು

ಕನ್ನಡದ ಎಣಿಕೆಯಲ್ಲಿ ಒಂದು ವಿಶೇಷವುಂಟು. ಹನ್ನೊಂದು, ಹನ್ನೆರಡು ಎಂದು ಎಣಿಸಿದ ನಾಲಗೆ ಹದಿಮೂರಕ್ಕೆ ಬಂದೊಡನೆ ಬೇರೊಂದು ಹಾದಿ ಹಿಡಿಯುತ್ತದೆ; ಹದಿನಾಲ್ಕು, ಹದಿನೈದು ಎಂದು ಹದಿನೆಂಟರವರೆಗೆ ಅದೇ ಹಾದಿಯಲ್ಲಿ ನಡೆದು ಹತ್ತೊಂಬತ್ತರಲ್ಲಿ ಅದನ್ನು ಬಿಟ್ಟುಬಿಡುತ್ತದೆ. ಹದಿಮೂರರಿಂದ ಹದಿನೆಂಟು: ಈ ಆರು ವರುಷಗಳನ್ನು ಭಾಷೆಯೇ ಒಂದು ದಾರದಲ್ಲಿ ಪೋಣಿಸಿ ಇಟ್ಟಂತಿದೆ. ‘ಹದಿಹರೆಯ’ ಎಂಬ ಮಾತನ್ನು ಟಂಕಿಸಿದವರು ಯಾರೇ ಆಗಿರಲಿ, ಅವರ ಕಿವಿ ಸೂಕ್ಷ್ಮವಾದದ್ದು. ‘ಕಿಶೋರಾವಸ್ಥೆ’ ಎಂಬ ಸಂಸ್ಕೃತಪದಕ್ಕಾಗಲಿ ‘ಪ್ರಾಯಕ್ಕೆ ಬರುವುದು’ ಎಂಬ ರೂಢಿಯ ಮಾತಿಗಾಗಲಿ ಇಲ್ಲದ ನಿಖರತೆ ಇದಕ್ಕಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು 2012ರಲ್ಲಿ ಬಂದ ಕಾಯಿದೆಯೂ ಹದಿನೆಂಟಕ್ಕೇ ಗೆರೆ ಎಳೆಯಿತೆಂಬುದು ಆಕಸ್ಮಿಕವಾದರೂ ಗಮನಿಸತಕ್ಕ ಸಂಗತಿ.

ಇಷ್ಟು ಒಳ್ಳೆಯ ಹೆಸರನ್ನು ಪಡೆದ ಈ ವಯಸ್ಸಿನವರೊಡನೆ ಕನ್ನಡ ಏನು ಮಾತನಾಡಿದೆ, ಯಾವ ದನಿಯಲ್ಲಿ ಮಾತನಾಡಿದೆ ಎಂಬುದು ಪ್ರಸ್ತುತ ಲೇಖನದ ವಿಷಯ. ದೇಹದ ಬೆಳವಣಿಗೆ, ಮನಸ್ಸಿನ ಏರಿಳಿತ, ಸ್ನೇಹ, ವ್ಯಸನ, ಮರ್ಯಾದೆ, ಒಪ್ಪಿಗೆ ಇವನ್ನೆಲ್ಲ ಕೂಡಿಸಿ ವ್ಯಕ್ತಿಶಿಕ್ಷಣ, ಸಮಾಜಶಿಕ್ಷಣ, ಆರೋಗ್ಯಶಿಕ್ಷಣ ಎಂದು ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಕಲಿಸಬೇಕೆಂಬ ವಿಚಾರ ಈಗ ಅನೇಕ ದೇಶಗಳಲ್ಲಿ ಇದೆ. ಇಂಗ್ಲೆಂಡಿನಲ್ಲಿ 2020ರಿಂದ ಅದು ಶಾಸನಬದ್ಧವೂ ಆಗಿದೆ. ಶಿಕ್ಷಣಶಾಸ್ತ್ರಜ್ಞರು ಇದರ ಉಪಯುಕ್ತತೆಯನ್ನು ಚರ್ಚಿಸುತ್ತಾರೆ, ರಾಜಕಾರಣಿಗಳು ಇದರ ಔಚಿತ್ಯವನ್ನು ಚರ್ಚಿಸುತ್ತಾರೆ. ಈ ಬಗೆಯ ಬರವಣಿಗೆಯೂ ಬರವಣಿಗೆಯೇ. ಅದಕ್ಕೂ ಒಬ್ಬ ನಿರೂಪಕ, ಒಬ್ಬ ಶ್ರೋತೃ, ಒಂದು ಶೈಲಿ ಇರುತ್ತವೆ. ಆ ದೃಷ್ಟಿಯಿಂದಲೂ ಅದನ್ನು ಪರೀಕ್ಷಿಸಬಹುದು ಎಂಬ ಯೋಚನೆ ನಮ್ಮ ವಿಮರ್ಶಕರಿಗೆ ಅಷ್ಟಾಗಿ ಬಂದಂತಿಲ್ಲ. ‘ಉಪಯುಕ್ತ ಸಾಹಿತ್ಯ’ವೆಂದು ಒಂದು ಪೆಟ್ಟಿಗೆ ಮಾಡಿ, ಅಡಿಗೆಯ ಪುಸ್ತಕ, ಪಂಚಾಂಗಗಳ ಜೊತೆಗೆ ಇದನ್ನೂ ಅದರಲ್ಲಿ ಹಾಕಿ ಮುಚ್ಚಿಬಿಟ್ಟಿದ್ದೇವೆ.

ಕನ್ನಡಕ್ಕೆ ಈ ವಿಷಯದಲ್ಲಿ ಸಂಕೋಚ ಹುಟ್ಟಿನಿಂದ ಬಂದದ್ದೆಂದು ಹೇಳುವಂತಿಲ್ಲ. ಹನ್ನೊಂದನೆಯ ಶತಮಾನದ ಚಂದ್ರರಾಜ ‘ಮದನತಿಲಕ’ವನ್ನು ಬರೆದ, ಹದಿನೈದನೆಯ ಶತಮಾನದ ಕಲ್ಲರಸ ‘ಜನವಶ್ಯ’ವನ್ನು ಬರೆದ. ಕಾಮಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಇವರಿಬ್ಬರಿಗೂ ನಾಚಿಕೆಯಾಗಲಿಲ್ಲ. ಅವರಿಬ್ಬರೂ ಬರೆದದ್ದು ಬಲಿತ ರಸಿಕನಿಗಾಗಿ ಎಂಬುದು ನಿಜ. ಎದೆಯಲ್ಲಿ ಅಳುಕು ಹೊತ್ತ ಹದಿನೈದರ ಹುಡುಗ ಅವರ ಕಣ್ಣಿಗೆ ಬಿದ್ದಿಲ್ಲ. ಇನ್ನೊಂದು ಕಡೆ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ರಜಸ್ಸೂತಕವನ್ನೂ ಅವುಗಳೊಡನೆ ನಿರಾಕರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಇಷ್ಟು ದೂರ ಬಂದ ಸಮಾಜ, ಮುಂದಿನ ಶತಮಾನಗಳಲ್ಲಿ ಎಷ್ಟು ಹೆಜ್ಜೆ ಹಿಂದಕ್ಕಿಟ್ಟಿತೆಂಬುದನ್ನು ಅಳೆಯಲು ನಮ್ಮ ಮನೆಮಾತಿನ ಕೋಶವೊಂದೇ ಸಾಕು.

ಆ ಕೋಶವನ್ನು ಸ್ವಲ್ಪ ತೆರೆದು ನೋಡೋಣ. ಹೆಣ್ಣಿನ ತಿಂಗಳಿನ ಸ್ಥಿತಿಗೆ ಹಳೆಯ ಮೈಸೂರಿನ ಮನೆಗಳಲ್ಲಿ ‘ಹೊರಗಾಗುವುದು’ ಎನ್ನುತ್ತಾರೆ. ‘ದೂರ ಇದ್ದಾಳೆ’ ಎನ್ನುವವರುಂಟು. ಉತ್ತರ ಕರ್ನಾಟಕದ ಕಡೆ ‘ಕಡಿಗಾಗೂದು’ ಎಂಬ ಮಾತಿದೆ. ‘ಮುಟ್ಟು’ ಎಂಬ ಎಲ್ಲೆಡೆಯ ಪದದಲ್ಲಿಯೂ ಮುಟ್ಟಬೇಕೋ ಬಾರದೋ ಎಂಬ ವಿಧಿನಿಷೇಧದ ನೆನಪು ಅಳಿದಿಲ್ಲ. ಹೊರಗೆ, ದೂರ, ಕಡೆಗೆ: ಇವೆಲ್ಲ ದಿಕ್ಕನ್ನೂ ಸ್ಥಳವನ್ನೂ ಹೇಳುವ ಮಾತುಗಳು. ಹುಡುಗಿಯನ್ನು ಎಲ್ಲಿ ಕೂರಿಸಬೇಕೆಂಬುದನ್ನು ಇವು ಹೇಳುತ್ತವೆ. ಅವಳೊಳಗೆ ಏನು ನಡೆಯುತ್ತಿದೆ ಎಂಬುದನ್ನು ಒಂದೂ ಹೇಳುವುದಿಲ್ಲ. ಒಳಗಿನದನ್ನು ಹೇಳಬೇಕೆಂದಾಗ ಪಠ್ಯಪುಸ್ತಕ ಸಂಸ್ಕೃತಕ್ಕೆ ಓಡಿ ‘ಋತುಚಕ್ರ’, ‘ರಜಸ್ಸ್ರಾವ’ಗಳನ್ನು ತರುತ್ತದೆ. ಹೀಗೆ ಒಂದು ತುದಿಯಲ್ಲಿ ಅಜ್ಜಿಯ ಮಾತು, ಇನ್ನೊಂದು ತುದಿಯಲ್ಲಿ ಪಂಡಿತರ ಮಾತು, ನಡುವೆ ಹುಡುಗಿ.

ಈ ನಡುವಣ ಜಾಗದಲ್ಲಿ ನಿಂತು ಮಾತನಾಡಿದವರಲ್ಲಿ ಡಾ. ಅನುಪಮಾ ನಿರಂಜನರದು ಮೊದಲು ನೆನೆಯಬೇಕಾದ ಹೆಸರು. ವೃತ್ತಿಯಿಂದ ವೈದ್ಯೆ, ಪ್ರವೃತ್ತಿಯಿಂದ ಕಾದಂಬರಿಕಾರ್ತಿಯಾಗಿದ್ದ ಇವರು 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ 1991ರಲ್ಲಿ ತೀರಿಕೊಂಡರು. ಇವರ ‘ಕೇಳು ಕಿಶೋರಿ’ ಬೆಳೆಯುವ ಹುಡುಗಿಯರಿಗೆಂದೇ ಬರೆದ ಪುಸ್ತಕ. ಇದರ ಶೀರ್ಷಿಕೆಯೇ ಒಂದು ವಿಮರ್ಶೆಗೆ ವಸ್ತುವಾಗಬಲ್ಲದು. ‘ಕಿಶೋರಾವಸ್ಥೆಯ ಸಮಸ್ಯೆಗಳು’ ಎಂದು ಹೆಸರಿಟ್ಟಿದ್ದರೆ ಅದು ಕಿಶೋರಿಯನ್ನು ಕುರಿತು ಇನ್ನಾರಿಗೋ ಬರೆದ ಪುಸ್ತಕವಾಗುತ್ತಿತ್ತು. ‘ಕೇಳು’ ಎಂದೊಡನೆ ಅದು ಅವಳಿಗೇ ಬರೆದ ಪುಸ್ತಕವಾಯಿತು. ಕನ್ನಡದಲ್ಲಿ ಏಕವಚನದ ‘ಕೇಳು’ವಿಗೆ ಎರಡು ಮುಖಗಳಿವೆ. ಹಿರಿಯರ ಅಧಿಕಾರ ಒಂದು. ಮನೆಯೊಳಗಿನ ಸಲಿಗೆ ಇನ್ನೊಂದು. ಅಕ್ಕ ತಂಗಿಯನ್ನು ಬಹುವಚನದಲ್ಲಿ ಕರೆಯುವುದಿಲ್ಲ. ಅನುಪಮಾ ಅವರು ಈ ಎರಡನೆಯ ಮುಖವನ್ನು ನಂಬಿದರು. ಇದಲ್ಲದೆ ‘ಕೇಳು’ ಎಂಬ ಧಾತುವಿಗೆ ಆಲಿಸುವುದು, ಪ್ರಶ್ನಿಸುವುದು ಎಂಬ ಎರಡು ಅರ್ಥಗಳು ನಮ್ಮ ಭಾಷೆಯಲ್ಲಿ ಒಟ್ಟಿಗೇ ಇವೆ. ಲೇಖಕಿಗೆ ಈ ಶ್ಲೇಷೆ ಉದ್ದೇಶವಾಗಿತ್ತೋ ಇಲ್ಲವೋ, ಭಾಷೆ ತಾನಾಗಿ ಅದನ್ನು ಒದಗಿಸಿಕೊಟ್ಟಿದೆ: ಕಿವಿಗೊಡು ಎಂದಷ್ಟೇ ಅಲ್ಲ, ನಿನಗೆ ತಿಳಿಯದ್ದನ್ನು ಕೇಳು ಎಂದೂ ಅದು ಹುಡುಗಿಗೆ ಹೇಳುತ್ತದೆ.

ಅವರ ಇನ್ನೊಂದು ಪುಸ್ತಕ ‘ವಧುವಿಗೆ ಕಿವಿಮಾತು’. ಕಿವಿಮಾತು ಎಂಬುದು ನಮ್ಮ ಸಂಸ್ಕೃತಿಯಲ್ಲಿ ಒಂದು ಸಾಹಿತ್ಯಪ್ರಕಾರವೇ ಎನ್ನಬಹುದು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹೇಳುವ ಬುದ್ಧಿಮಾತು, ಜನಪದದ ಹೆಣ್ಣೊಪ್ಪಿಸುವ ಹಾಡು, ಇವೆಲ್ಲ ಅದರ ಬಗೆಗಳು. ಆದರೆ ಸಾಂಪ್ರದಾಯಿಕ ಕಿವಿಮಾತಿನ ತಿರುಳು ‘ಹೊಂದಿಕೊಂಡು ಹೋಗು’ ಎಂಬುದು. ಅದರ ಗುಟ್ಟು ಅಂಜಿಕೆಯ ಗುಟ್ಟು. ವೈದ್ಯೆಯಾದ ಲೇಖಕಿ ಆ ಹಳೆಯ ಪಾತ್ರೆಯನ್ನೇ ಎತ್ತಿಕೊಂಡು ಅದರಲ್ಲಿ ಶರೀರಶಾಸ್ತ್ರವನ್ನು ತುಂಬಿದರು. ಮುದ್ರಣವಾದ ಕಿವಿಮಾತು ಕಿವಿಮಾತಾಗಿ ಉಳಿಯುವುದಿಲ್ಲ, ಅಂಗಡಿಯಲ್ಲಿ ಬಿಕರಿಯಾಗುತ್ತದೆ, ಗ್ರಂಥಾಲಯದಲ್ಲಿ ಕೈಯಿಂದ ಕೈಗೆ ದಾಟುತ್ತದೆ. ಪಿಸುಮಾತಿನ ಆತ್ಮೀಯತೆಯನ್ನು ಇಟ್ಟುಕೊಂಡು ಅದರ ಕತ್ತಲೆಯನ್ನು ತೆಗೆದುಹಾಕಿದ್ದು ಸಣ್ಣ ಸಾಧನೆಯಲ್ಲ.

ಇದೇ ಲೇಖಕಿ 1976ರಲ್ಲಿ ‘ಮಾಧವಿ’ ಕಾದಂಬರಿಯನ್ನು ಪ್ರಕಟಿಸಿದರು. ಮಹಾಭಾರತದ ಉದ್ಯೋಗಪರ್ವದಲ್ಲಿ ಗಾಲವನು ಗುರುದಕ್ಷಿಣೆಗೆ ಬೇಕಾದ ಎಂಟುನೂರು ಕುದುರೆಗಳಿಗಾಗಿ ಯಯಾತಿಯ ಮಗಳನ್ನು ರಾಜರಿಂದ ರಾಜರಿಗೆ ಒಪ್ಪಿಸುವ ಕಥೆ ಅದರ ಮೂಲ. ಒಬ್ಬೊಬ್ಬ ರಾಜನಿಂದ ಇನ್ನೂರಿನ್ನೂರು ಕುದುರೆಗಳು. ಅವುಗಳಿಗೆ ಪ್ರತಿಯಾಗಿ ಒಂದೊಂದು ಗಂಡುಮಗು. ಆ ಕಥೆಯಲ್ಲಿ ತಂದೆ, ಋಷಿ, ಅರಸರು ಎಲ್ಲರೂ ಮಾಧವಿಯ ದೇಹವನ್ನು ಕುರಿತು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುತ್ತಾರೆ. ಈ ಕಾದಂಬರಿಯನ್ನೂ ‘ಕೇಳು ಕಿಶೋರಿ’ಯನ್ನೂ ಜೊತೆಗಿಟ್ಟು ಓದಿದವರಿಗೆ ಎರಡೂ ಒಂದೇ ಕಳವಳದಿಂದ ಹುಟ್ಟಿದವೆಂದು ತೋರದಿರದು. ಹೆಣ್ಣಿನ ದೇಹವನ್ನು ಕುರಿತ ಮಾತು ಅವಳ ತಲೆಯ ಮೇಲಿಂದ ಹಾದುಹೋಗದೆ ಅವಳೊಡನೆಯೇ ನಡೆಯಬೇಕೆಂಬುದು ಆ ಕಳವಳ. ಸಾಹಿತ್ಯಚರಿತ್ರೆಗಳು ಮೊದಲನೆಯದಕ್ಕೆ ಪುಟಗಳನ್ನು ಕೊಟ್ಟು ಎರಡನೆಯದನ್ನು ‘ಇತರ ಕೃತಿಗಳು’ ಎಂಬ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಹೀಗೆ ಮೆಚ್ಚಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕಾಗುತ್ತದೆ. ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ ಎಂಬ ಅನುಪಮಾ ಅವರ ನಾಲ್ಕು ಹೆಸರುಗಳನ್ನು ಸಾಲಾಗಿ ಇಟ್ಟರೆ ಒಂದು ಹೆಣ್ಣಿನ ಬಾಳಿನ ನಕ್ಷೆ ಸಿದ್ಧವಾಗುತ್ತದೆ: ಹುಡುಗಿ, ಮದುಮಗಳು, ಹೆಂಡತಿ, ತಾಯಿ. ಈ ನಕ್ಷೆಯಲ್ಲಿ ಗಂಡು ಪ್ರವೇಶಿಸುವುದು ದಾಂಪತ್ಯದ ಬಾಗಿಲಲ್ಲಿ. ಅಲ್ಲಿಯವರೆಗೆ ಅವನು ಎಲ್ಲಿದ್ದ, ಯಾರು ಅವನಿಗೆ ಏನು ಹೇಳಿದರು? ಇದು ಲೇಖಕಿಯ ದೋಷವೆನ್ನಲಾರೆವು. ತಮ್ಮ ಬಳಿಗೆ ಬಂದ ರೋಗಿಗಳಿಗೆ ಬೇಕಾದುದನ್ನು ಅವರು ಬರೆದರು. ಆದರೆ ಅದೇ ನಿಷ್ಠೆಯಿಂದ, ಅದೇ ಸಲಿಗೆಯಿಂದ, ಅದೇ ಪ್ರಸಿದ್ಧಿಯಿಂದ ‘ಕೇಳು ಕಿಶೋರ’ ಎಂದು ಹುಡುಗನ ಹೆಗಲ ಮೇಲೆ ಕೈಯಿಟ್ಟು ಮಾತನಾಡಿದ ಪುಸ್ತಕ ನನ್ನ ಓದಿನಲ್ಲಿ ಎದುರಾಗಿಲ್ಲ. ಅವನಿಗೆ ದೊರೆತದ್ದು ಬ್ರಹ್ಮಚರ್ಯದ ಮಹಿಮೆಯನ್ನು ಸಾರುವ ಕಿರುಹೊತ್ತಗೆಗಳು. ಅವುಗಳ ವ್ಯಾಕರಣದಲ್ಲಿ ಮಧ್ಯಮ ಪುರುಷವಿಲ್ಲ. ‘ಯುವಕನು ಹೀಗಿರತಕ್ಕದ್ದು’ ಎಂಬ ವಿಧ್ಯರ್ಥ ಮಾತ್ರ ಇದೆ.

ಹುಡುಗನೊಡನೆ ಮಧ್ಯಮ ಪುರುಷದಲ್ಲಿ ಮಾತನಾಡಿದ ಒಂದು ಪಠ್ಯ ಮಾತ್ರ ನಮ್ಮ ಮುಂಬಯಿಯಲ್ಲಿ ಬಹುಕಾಲದಿಂದ ಇದೆ. ಲೋಕಲ್ ಗಾಡಿಯಲ್ಲಿ ಓಡಾಡುವ ವಾಚಕರೆಲ್ಲರೂ ಅದನ್ನು ಕಂಡವರೇ. ರೈಲುಹಳಿಯ ಪಕ್ಕದ ಗೋಡೆಗಳ ಮೇಲೆ, ಡಬ್ಬಿಯೊಳಗಿನ ತಗಡಿನ ಮೇಲೆ ಅಂಟಿಸಿದ ‘ಗುಪ್ತರೋಗ’ದ ಜಾಹೀರಾತುಗಳು. ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕಾಯಿದೆ 1954ರಷ್ಟು ಹಿಂದೆಯೇ ಬಂದಿದೆ. ಗೋಡೆಗೆ ಅದರ ಪರಿವೆಯಿದ್ದಂತಿಲ್ಲ. ಶೈಲಿಯ ದೃಷ್ಟಿಯಿಂದ ನೋಡಿದರೆ ಇದು ಬಹಳ ಸಮರ್ಥವಾದ ಬರವಣಿಗೆ. ಮೊದಲು ಒಂದು ಪ್ರಶ್ನೆ, ಅದರಲ್ಲಿಯೇ ಭಯ; ಬಳಿಕ ‘ನಿರಾಶರಾಗಬೇಡಿ’ ಎಂಬ ಅಭಯ; ಕೊನೆಗೆ ವಿಳಾಸ. ಉತ್ತಮ ಉಪನ್ಯಾಸಕನೊಬ್ಬ ಕಲಿಯಬೇಕಾದ ಸಂಕ್ಷೇಪ ಇದರಲ್ಲಿದೆ. ಓದುಗನ ಅಂಜಿಕೆ ಎಲ್ಲಿದೆಯೆಂದು ಇದಕ್ಕೆ ಗೊತ್ತು. ನಮ್ಮ ಪಠ್ಯಪುಸ್ತಕ ಮಂಡಳಿಗಳಿಗೆ ಗೊತ್ತಿಲ್ಲ.

ತೊಂಬತ್ತರ ದಶಕದಲ್ಲಿ ಎರಡು ವರುಷ ನಾನು ಈ ನಗರದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿಯುತ್ತಿದ್ದ ತುಳುನಾಡಿನ, ಕುಂದಾಪುರದ ಕಡೆಯ ಹುಡುಗರು ಅಲ್ಲಿ ಹೆಚ್ಚಾಗಿದ್ದರು. ಹತ್ತನೆಯ ತರಗತಿಯಲ್ಲಿ ಕುಳಿತವರ ವಯಸ್ಸು ಹದಿನೇಳು, ಹದಿನೆಂಟು, ಕೆಲವರದು ಇಪ್ಪತ್ತನ್ನೂ ದಾಟಿರುತ್ತಿತ್ತು. ಅವರಲ್ಲೊಬ್ಬ, ಲೆಕ್ಕದಲ್ಲಿ ಚುರುಕಾಗಿದ್ದವನು, ಕೆಲವು ವಾರ ಬಾಡಿದ ಮುಖದಿಂದ ಬಂದ. ಒಂದು ರಾತ್ರಿ ಎಲ್ಲರೂ ಹೋದ ಮೇಲೆ ಉಳಿದು, ಮಡಿಸಿದ ಒಂದು ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟ. ಜಾಹೀರಾತಿನಿಂದ ಬರೆದುಕೊಂಡ ಹಿಂದಿಯ ನಾಲ್ಕು ಸಾಲು. “ಮಾಸ್ಟ್ರೇ, ಇದು ನಂಗೂ ಉಂಟಾ ಅಂತ ಹೇಗೆ ಗೊತ್ತಾಗೋದು?” ಎಂದು ಕೇಳಿದ. ಮೂರು ತಿಂಗಳ ಸಂಬಳದಲ್ಲಿ ಊರಿಗೆ ಕಳಿಸಬೇಕಾದುದರ ಅರ್ಧವನ್ನು ಅವನು ಆ ವಿಳಾಸದವರ ಪುಡಿಗೆ ಕೊಟ್ಟಿದ್ದ. ಅವನಿಗಿದ್ದದ್ದು ಆ ವಯಸ್ಸಿನ ಬಹುಪಾಲು ಹುಡುಗರಿಗೆ ಆಗುವ ಸ್ವಪ್ನಸ್ಖಲನ. ಅದು ರೋಗವೇ ಅಲ್ಲ. ಆ ಮಾತನ್ನು ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಲು ನಾನು ಪಟ್ಟ ಪಾಡು ಇಂದಿಗೂ ನೆನಪಿದೆ. ಎಂ.ಎ.ಯಲ್ಲಿ ಕಲಿತ ಕನ್ನಡ ಅಲ್ಲಿ ಒಂದಿಷ್ಟೂ ಉಪಯೋಗಕ್ಕೆ ಬರಲಿಲ್ಲ.

ಅವನ ಅಂಜಿಕೆಗೆ ಶಾಸ್ತ್ರದಲ್ಲಿ ಹೆಸರಿದೆಯೆಂದು ಆಮೇಲೆ ತಿಳಿಯಿತು. ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿಯೇ ಇದನ್ನು ಗುರುತಿಸಿ ‘ಧಾತು’ ಎಂಬ ನಮ್ಮ ಮಾತಿನಿಂದಲೇ ಹೆಸರಿಟ್ಟಿದ್ದರು. ಆಯುರ್ವೇದದ ಸಪ್ತಧಾತುಗಳಲ್ಲಿ ರಸ ಮೊದಲನೆಯದು, ಶುಕ್ರ ಕಡೆಯದು. ಎಷ್ಟೋ ಹನಿ ರಕ್ತದಿಂದ ಅದರ ಒಂದು ಹನಿ ಆಗುತ್ತದೆಂಬ ಲೋಕದ ಲೆಕ್ಕ ಈ ಕ್ರಮದ ಮೇಲೆ ಬೆಳೆದದ್ದು. ಆಯಾಸ, ತಲೆನೋವು, ಓದಿನಲ್ಲಿ ಮನಸ್ಸು ನಿಲ್ಲದಿರುವುದು, ಎಲ್ಲಕ್ಕೂ ಹುಡುಗ ಅದನ್ನೇ ಕಾರಣವೆಂದು ನಂಬುತ್ತಾನೆ. ರೋಗ ದೇಹದ್ದಲ್ಲ, ಮಾತಿನದು ಎಂದರೆ ಉತ್ಪ್ರೇಕ್ಷೆಯಾಗದು. ಒಂದು ಸರಿಯಾದ ವಾಕ್ಯ ಸರಿಯಾದ ಹೊತ್ತಿನಲ್ಲಿ ದೊರೆತಿದ್ದರೆ ಆ ಪುಡಿಯ ಖರ್ಚು ಉಳಿಯುತ್ತಿತ್ತು.

ಅಂಥ ವಾಕ್ಯಗಳನ್ನು ಬರೆದವರೊಬ್ಬರು ಇದೇ ಮುಂಬಯಿಯಲ್ಲಿದ್ದರು, ಬರೆದದ್ದು ಮರಾಠಿಯಲ್ಲಿ. ರಘುನಾಥ ಧೋಂಡೋ ಕರ್ವೆ, ಮಹರ್ಷಿ ಕರ್ವೆಯವರ ಮಗ, ಗಣಿತದ ಪ್ರಾಧ್ಯಾಪಕರು. ಸಂತತಿನಿಯಮನದ ಪ್ರಚಾರಕ್ಕಾಗಿ ಕಾಲೇಜಿನ ಕೆಲಸವನ್ನು ಕಳೆದುಕೊಂಡವರು. 1927ರಿಂದ 1953ರಲ್ಲಿ ತಾವು ಸಾಯುವವರೆಗೆ ‘ಸಮಾಜಸ್ವಾಸ್ಥ್ಯ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಆ ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಸಂಪಾದಕರು ನೇರವಾಗಿ ಉತ್ತರ ಕೊಡುತ್ತಿದ್ದರು. ಬೇರೆಯವರು ತಮ್ಮ ಮಕ್ಕಳಿಗೂ ಹೇಳದ ವಿಷಯಗಳನ್ನು ಅವರು ಅಪರಿಚಿತರಿಗೆ ಹೇಳಿದರು. ಅಶ್ಲೀಲತೆಯ ಆಪಾದನೆಯ ಮೇಲೆ ಅವರಿಗೆ ಒಮ್ಮೆ ದಂಡವಾಯಿತು. 1934ರಲ್ಲಿ ಎರಡನೆಯ ಮೊಕದ್ದಮೆ ನಡೆದದ್ದು ಈ ಪ್ರಶ್ನೋತ್ತರಗಳಿಗಾಗಿಯೇ. ಅಂದು ಅವರ ಪರವಾಗಿ ನ್ಯಾಯಾಲಯದಲ್ಲಿ ನಿಂತವರು ಡಾ. ಬಾಬಾಸಾಹೇಬ ಅಂಬೇಡ್ಕರ್. ಮೊಕದ್ದಮೆ ಸೋತಿತು, ಇನ್ನೂರು ರೂಪಾಯಿ ದಂಡ. ಓದುಗ ಕೇಳಿದ್ದಕ್ಕೆ ಉತ್ತರ ಕೊಡುವುದು ಅಪರಾಧವೋ ಅಲ್ಲವೋ ಎಂಬುದು ಅಲ್ಲಿದ್ದ ಪ್ರಶ್ನೆ. ತಾನಾಗಿ ಉಪದೇಶ ಮಾಡುವವನ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ. ಕರ್ವೆಯವರ ಗದ್ಯ ಒಣ ಗದ್ಯವೆಂದು ಮರಾಠಿಯ ಮಿತ್ರರು ಹೇಳುತ್ತಾರೆ. ಗಣಿತಜ್ಞನ ಗದ್ಯ ಹಾಗಿರುವುದು ಸಹಜ. ಆದರೆ ಈ ವಿಷಯಕ್ಕೆ ಒಣಗದ್ಯವೇ ಒಂದು ಗುಣವಲ್ಲವೆ ಎಂದು ನನಗೆ ಅನ್ನಿಸುತ್ತದೆ. ಅದರಲ್ಲಿ ಕೆರಳಿಸುವುದಕ್ಕೂ ಹೆದರಿಸುವುದಕ್ಕೂ ಎಡೆಯಿಲ್ಲ.

ಈ ಶಿಕ್ಷಣವನ್ನು ಸರಕಾರ ಕೈಗೆತ್ತಿಕೊಂಡ ಬಗೆಯನ್ನು ಹೆಸರುಗಳ ಇತಿಹಾಸವೆಂದು ಓದಬಹುದು. 1980ರಲ್ಲಿ ಇದು ‘ಜನಸಂಖ್ಯಾ ಶಿಕ್ಷಣ’ವಾಗಿತ್ತು, ಅಂದರೆ ಹುಟ್ಟಬಾರದ ಮಕ್ಕಳ ಕುರಿತ ಚಿಂತೆ, ಹುಟ್ಟಿ ತರಗತಿಯಲ್ಲಿ ಕುಳಿತವರದಲ್ಲ. 2005ರಲ್ಲಿ ಏಡ್ಸ್ ನಿಯಂತ್ರಣ ಸಂಸ್ಥೆಯೂ ಶಿಕ್ಷಣ ಇಲಾಖೆಯೂ ಕೂಡಿ ‘ಹದಿಹರೆಯದವರ ಶಿಕ್ಷಣ’ವೆಂಬ ಕಾರ್ಯಕ್ರಮವನ್ನು ತಂದವು. 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಗುಜರಾತ, ಮಧ್ಯಪ್ರದೇಶ ಮೊದಲಾದ ರಾಜ್ಯಗಳು ಅದನ್ನು ತಡೆಹಿಡಿದವು. ನಾವು ಬಿಟ್ಟುಬಂದ ರಾಜ್ಯ, ನಾವು ಬಂದು ನೆಲೆಸಿದ ರಾಜ್ಯ, ಎರಡೂ ಈ ಒಂದು ವಿಷಯದಲ್ಲಿ ಗಡಿತಂಟೆಯಿಲ್ಲದೆ ಏಕಮತವಾದವು! 2009ರಲ್ಲಿ ರಾಜ್ಯಸಭೆಯ ಅರ್ಜಿ ಸಮಿತಿಯ ವರದಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಸಲ್ಲದೆಂದಿತು. ಅಲ್ಲಿಂದ ಮುಂದೆ ‘ಜೀವನಕೌಶಲ’, ‘ಸ್ವಾಸ್ಥ್ಯ’ ಎಂಬ ಮಾತುಗಳು ಮುಂದೆ ಬಂದವು. 2020ರಲ್ಲಿ ಆಯುಷ್ಮಾನ್ ಭಾರತದ ಅಂಗವಾಗಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಹನ್ನೊಂದು ವಿಷಯಗಳಿವೆ, ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ನೇಮಿಸುವ ಏರ್ಪಾಡಿದೆ. ರಾಯಭಾರಿಯೆಂಬುವನು ಪರದೇಶದಿಂದ ಬಂದವನು, ಮರ್ಯಾದೆಯ ಮಾತಷ್ಟೇ ಆಡತಕ್ಕವನು. ಈ ಹೆಸರನ್ನು ಆರಿಸಿದವರಿಗೆ ಅದು ಇಷ್ಟು ಸರಿಹೊಂದುತ್ತದೆಂದು ತಿಳಿದಿರಲಾರದು. 2024ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮಕ್ಕಳ ಅಶ್ಲೀಲ ಚಿತ್ರಗಳ ಪ್ರಕರಣವೊಂದರ ತೀರ್ಪಿನಲ್ಲಿ ಸಮಗ್ರವಾದ ಲೈಂಗಿಕ ಶಿಕ್ಷಣದ ಅವಶ್ಯಕತೆಯನ್ನು ಮತ್ತೆ ಎತ್ತಿ ಹೇಳಿದೆ.

ಇನ್ನು ಪಠ್ಯಪುಸ್ತಕ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಅಂದರೆ ನಮ್ಮ ಮಕ್ಕಳ ‘ಬಾಲಭಾರತಿ’, 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದದ್ದು. ಅದು ಕನ್ನಡ ಮಾಧ್ಯಮಕ್ಕೂ ಪುಸ್ತಕಗಳನ್ನು ಒದಗಿಸುತ್ತ ಬಂದಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳಿಗೂ ಮುಂಬಯಿಯ ಅಳಿದುಳಿದ ಕನ್ನಡ ಶಾಲೆಗಳಿಗೂ ಅವೇ ಆಧಾರ. ಇದಕ್ಕಾಗಿ ಕೃತಜ್ಞರಾಗಿರಬೇಕು. 2018ರಲ್ಲಿ ಹೊರಬಂದ ಹತ್ತನೆಯ ತರಗತಿಯ ‘ವಿಜ್ಞಾನ ಮತ್ತು ತಂತ್ರಜ್ಞಾನ’ದ ಎರಡನೆಯ ಭಾಗವನ್ನು ತೆಗೆದುಕೊಳ್ಳೋಣ. ಅದರ ಮೂರನೆಯ ಪಾಠ ಜೀವಿಗಳ ಪ್ರಜನನವನ್ನು ಕುರಿತದ್ದು. ಸ್ತ್ರೀಪುರುಷರ ಜನನಾಂಗಗಳ ರಚನೆ, ಋತುಚಕ್ರ ಇವುಗಳಿಂದ ಹಿಡಿದು ಪ್ರನಾಳ ಶಿಶು, ಬಾಡಿಗೆಯ ತಾಯ್ತನಗಳವರೆಗೆ ಅದು ಹೋಗುತ್ತದೆ. ಒಂಬತ್ತನೆಯ ಪಾಠ ಸಾಮಾಜಿಕ ಆರೋಗ್ಯ: ಒತ್ತಡ, ವ್ಯಸನ, ಮೊಬೈಲಿನ ಅತಿಬಳಕೆ, ಅಂತರಜಾಲದ ಅಪರಾಧ, ನಗೆಕೂಟ. ಎರಡು ಪಾಠಗಳ ನಡುವೆ ಪರಿಸರ, ಹಸಿರು ಶಕ್ತಿ, ಪ್ರಾಣಿಗಳ ವರ್ಗೀಕರಣ, ಸೂಕ್ಷ್ಮಜೀವಿಗಳು, ಜೈವಿಕ ತಂತ್ರಜ್ಞಾನ ಎಂಬ ಐದು ಪಾಠಗಳು ಹಬ್ಬಿವೆ.

ಸಾಮಾಜಿಕ ಆರೋಗ್ಯಕ್ಕೆ ವಿಜ್ಞಾನದ ಪುಸ್ತಕದಲ್ಲಿ ಇಡಿಯ ಒಂದು ಪಾಠವನ್ನು ಕೊಟ್ಟದ್ದು ಹೊಸ ಹೆಜ್ಜೆಯೇ ಸರಿ. ಆದರೆ ಈ ಪಾಠಕ್ರಮ ತಾನೇ ಒಂದು ಅಭಿಪ್ರಾಯವನ್ನು ಹೇಳುತ್ತಿದೆ. ಮೂರನೆಯ ಪಾಠದಲ್ಲಿ ದೇಹವಿದೆ, ವ್ಯಕ್ತಿಯಿಲ್ಲ. ಒಂಬತ್ತನೆಯದರಲ್ಲಿ ವ್ಯಕ್ತಿಯಿದ್ದಾನೆ, ಅವನಿಗೆ ದೇಹವಿಲ್ಲ. ಹದಿನಾರರ ಹುಡುಗನಿಗಾದರೋ ಈ ಎರಡೂ ಒಂದೇ ಮಧ್ಯಾಹ್ನದಲ್ಲಿ, ಒಂದೇ ಬೆಂಚಿನ ಮೇಲೆ, ಪಕ್ಕದವನ ಮೊಬೈಲಿನ ಪರದೆಯಲ್ಲಿ ಕೂಡಿಕೊಂಡು ಬರುತ್ತವೆ. ಬಾಡಿಗೆಯ ತಾಯ್ತನ ಅವನಿಗೆ ಸದ್ಯಕ್ಕೆ ಬೇಕಾದ ತಿಳಿವಳಿಕೆಯಲ್ಲ. ಒಬ್ಬಳು ‘ಬೇಡ’ ಎಂದರೆ ಅದು ಬೇಡವೆಂದೇ ಅರ್ಥ, ಸಿನಿಮಾದಲ್ಲಿ ತೋರಿಸಿದಂತೆ ಅರ್ಧ ‘ಹೂಂ’ ಅಲ್ಲ ಎಂಬುದು ಬೇಕಾದದ್ದು. ಅದನ್ನು ಹೇಳಲು ಕನ್ನಡಕ್ಕೆ ಪರಿಭಾಷೆಯ ಅಗತ್ಯವೂ ಇಲ್ಲ. ‘ಒಲ್ಲೆ’ ಎಂಬಷ್ಟು ಬಲವಾದ, ಕರ್ತೃವನ್ನು ತನ್ನೊಳಗೇ ಇಟ್ಟುಕೊಂಡ ಕ್ರಿಯಾಪದ ಎಷ್ಟು ಭಾಷೆಗಳಲ್ಲಿದೆ? ಧಾರವಾಡದ ಕೂಸೂ ಅದನ್ನು ಬಲ್ಲದು. ಪಠ್ಯಪುಸ್ತಕದವರು ಅದನ್ನು ಬಲ್ಲವರಂತೆ ಕಾಣುವುದಿಲ್ಲ.

ಮನಸ್ಸಿನ ವಿಷಯದಲ್ಲಿಯೂ ಇದೇ ಭಾಷೆಯ ತೊಡಕಿದೆ, ಅದರ ಪರಿಣಾಮ ಮಾತ್ರ ಇನ್ನೂ ಘೋರವಾದದ್ದು. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಪುಸ್ತಕ ‘ಖಿನ್ನತೆ’ ಎನ್ನುತ್ತದೆ. ಕನ್ನಡದ ಯಾವ ಹುಡುಗಿಯೂ ತಾಯಿಯ ಬಳಿ ಹೋಗಿ ‘ನನಗೆ ಖಿನ್ನತೆಯಾಗಿದೆ’ ಎಂದು ಹೇಳುವುದಿಲ್ಲ. ಅವಳು ಹೇಳುವುದು ‘ಬೇಜಾರು’. ಪಾರಸಿಯಿಂದ ಬಂದ ಈ ಮಾತು ನಮ್ಮಲ್ಲಿ ಎಂಥ ಹೊರೆಯನ್ನು ಹೊತ್ತಿದೆ! ಮಳೆ ಬಂದು ಆಟ ನಿಂತರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡವೆನ್ನಿಸಿದರೂ ಬೇಜಾರು. ಕೇಳುವ ತಾಯಿ ಇವುಗಳಲ್ಲಿ ಯಾವುದೆಂದು ತಿಳಿಯಬೇಕಾದರೆ ಇನ್ನೊಂದು ಪ್ರಶ್ನೆ ಹಾಕಬೇಕು. ಬಡಗಣ ಕನ್ನಡದವರು ‘ಜೀವಕ್ಕ ಬ್ಯಾಸರ’ ಎನ್ನುವಾಗ ಸ್ವಲ್ಪ ಹೆಚ್ಚು ಸ್ಪಷ್ಟವಾಗುತ್ತದೆ. ಅಲ್ಲಿ ಬೇಸರ ಹೊತ್ತಿನದಲ್ಲ, ಜೀವದ್ದು. ನಿಮ್ಹಾನ್ಸಿನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ತಮ್ಮ ಹಲವಾರು ಕಿರುಹೊತ್ತಗೆಗಳಲ್ಲಿ ಈ ಮನೆಮಾತಿನ ಹತ್ತಿರ ನಿಂತು ಬರೆದರು, ಅದಕ್ಕಾಗಿಯೇ ಅವು ಓದಿಸಿಕೊಂಡವು. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಮನಸ್ಸಿನ ಸಂಕಟವನ್ನು ಹೇಳಿಕೊಳ್ಳುವ ‘ಟೆಲಿ ಮಾನಸ್’ ವ್ಯವಸ್ಥೆಯೂ ಇದೆ. ದೂರವಾಣಿಯ ಆ ತುದಿಯಲ್ಲಿ ಕುಳಿತವರಿಗೆ ಬೇಜಾರಿನ ಬಗೆಗಳು ತಿಳಿದಿರಲಿ ಎಂದು ಹಾರೈಸಬೇಕಾಗಿದೆ.

ಹೊರನಾಡಿನ ನಮ್ಮ ಮಕ್ಕಳ ಸ್ಥಿತಿ ಇನ್ನೂ ವಿಚಿತ್ರ. ಇವರಲ್ಲಿ ಬಹುಮಂದಿ ಓದುವುದು ಇಂಗ್ಲಿಷಿನಲ್ಲಿ, ಗೆಳೆಯರೊಡನೆ ಆಡುವುದು ಹಿಂದಿ ಮರಾಠಿಗಳಲ್ಲಿ. ಕನ್ನಡ ಉಳಿದಿರುವುದು ಮನೆಯಲ್ಲಿ, ಅದರಲ್ಲೂ ಅಡಿಗೆಮನೆಯಲ್ಲಿ. ದೇಹ, ಭಯ, ಪ್ರೀತಿ ಇವುಗಳನ್ನು ಕುರಿತ ಮಾತೆಲ್ಲ ಅವರಿಗೆ ಇಂಗ್ಲಿಷಿನಲ್ಲಿ ಬಂದಿದೆ. ತಾಯ್ನುಡಿಯಲ್ಲಿ ಅವರು ಊಟ ಕೇಳಬಲ್ಲರು, ನೋವನ್ನು ಹೇಳಲಾರರು. ಕನ್ನಡವನ್ನು ಉಳಿಸಬೇಕೆಂದು ನಾವು ನಾಟಕ, ಯಕ್ಷಗಾನ, ಸುಗಮಸಂಗೀತಗಳಿಗೆ ಖರ್ಚು ಮಾಡುತ್ತೇವೆ. ಮಗಳು ತಾಯಿಯೊಡನೆ ತನ್ನ ಮೈಯ ವಿಷಯವನ್ನು ಕನ್ನಡದಲ್ಲಿ ಆಡಲಾರದೆ ಹೋದರೆ ಆ ಮನೆಯಲ್ಲಿ ಕನ್ನಡದ ಯಾವ ಭಾಗ ಉಳಿದಂತಾಯಿತು?

ಕಳೆದ ವರುಷ ಒಂದು ಸಂಘದ ರವಿವಾರದ ಕನ್ನಡ ತರಗತಿಯಲ್ಲಿ, ಒಂಬತ್ತರಿಂದ ಹನ್ನೆರಡನೆಯ ಇಯತ್ತೆಯ ಹದಿನೇಳು ಮಕ್ಕಳ ಮುಂದೆ ಒಂದು ಖಾಲಿ ಡಬ್ಬಿಯಿಟ್ಟು, ಹೆಸರು ಬರೆಯದೆ ಪ್ರಶ್ನೆಗಳನ್ನು ಹಾಕಲು ಹೇಳಿದ್ದೆವು. ಒಬ್ಬ ವೈದ್ಯೆಯನ್ನು ಕರೆದಿದ್ದೆವು. ಬಂದ ಚೀಟಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು. ವೈದ್ಯೆಗೆ ಅವುಗಳಿಗೆ ಉತ್ತರಿಸುವುದು ಕಷ್ಟವಾಗಲಿಲ್ಲ. ಒಂದೇ ಒಂದು ಚೀಟಿ ಕನ್ನಡದ್ದು, ತಪ್ಪು ಒತ್ತಕ್ಷರಗಳೊಡನೆ, ಪೆನ್ಸಿಲಿನಲ್ಲಿ ಬರೆದದ್ದು. ಪ್ರತಿ ತಿಂಗಳು ಎರಡು ದಿನ ಏಳಲಾಗದಷ್ಟು ಹೊಟ್ಟೆನೋವು ಬರುತ್ತದೆ, ಶಾಲೆ ತಪ್ಪುತ್ತದೆ, ಡಾಕ್ಟರ ಬಳಿಗೆ ಹೋಗಬೇಕೆಂದು ಅಜ್ಜಿಗೆ ಹೇಳಬೇಕು, ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡದಲ್ಲಿ ಏನೆಂದು ಹೇಳಲಿ ಎಂದು ಅದರಲ್ಲಿತ್ತು. ವೈದ್ಯೆ ನನ್ನ ಮುಖ ನೋಡಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಾರ್ಯಕಾರಿ ಸಮಿತಿಯ ಹೆಂಗಸರ ಕಡೆ ನೋಡಿದೆ. ಹುಬ್ಬಳ್ಳಿಯವರು ಒಂದು ಮಾತು ಹೇಳಿದರು, ಉಡುಪಿಯವರು ಇನ್ನೊಂದು, ಹಾಸನದವರು ಮತ್ತೊಂದು. ‘ಅದು ನಮ್ಮ ಕಡೆ ಬೈಗುಳ’ ಎಂದರು ಒಬ್ಬರು. ಮಕ್ಕಳು ನಕ್ಕರು, ಬಳಿಕ ಹೆಂಗಸರೂ ನಕ್ಕರು. ಕಡೆಗೆ ಆ ಎಲ್ಲ ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಯಾರ ಅಜ್ಜಿ ಯಾವ ಊರಿನವರೋ ಅದನ್ನು ಆರಿಸಿಕೊಳ್ಳಲು ಹೇಳಿದೆವು. ಹನ್ನೊಂದು ಮಕ್ಕಳು ಬರೆದುಕೊಂಡರು. ಅವರಲ್ಲಿ ಮೂವರು ಹುಡುಗರು.